ಹಸಿರು ಗೀಟು ಕುಣಿದ ದಿನ

ಈ ಕಥೆಯನ್ನು ಮೊದಲು ಹೇಳಿದವಳು ಸವಣೂರಿನ ದಾವಲಬಿ. ಹೇಳಿದ್ದು 2025ರ ಡಿಸೆಂಬರ್ ಏಳರ ಭಾನುವಾರ ಮಧ್ಯಾಹ್ನ, ಶಿಗ್ಗಾವಿಯಲ್ಲಿ ಅಲ್ತಾಫನ ಕಂಪ್ಯೂಟರ್ ರಿಪೇರಿ ಅಂಗಡಿಯ ಅಟ್ಟದ ಮೇಲೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನಲ್ಲಿ ಲಿನಕ್ಸ್ ಎಂಬ ಬಿಟ್ಟಿ ಕಂಪ್ಯೂಟರ್ ತಂತ್ರಾಂಶ ಬಳಸುವವರ ಬಳಗ ತಿಂಗಳ ಮೊದಲ ಭಾನುವಾರ ಅಲ್ಲಿ ಸೇರುತ್ತದೆ. ಹಳೆಯ ಕಂಪ್ಯೂಟರಿಗೆ ಜೀವ ತುಂಬುವುದು, ತಿಳಿಯದವರಿಗೆ ತಿಳಿದವರು ಹೇಳಿಕೊಡುವುದು, ಇಷ್ಟೇ ಬಳಗದ ಕೆಲಸ. ಅಂದು ಹನ್ನೊಂದು ಜನರಿದ್ದರು.

ದಾವಲಬಿ ಹೇಳಿದಳು ಅನ್ನುವುದಕ್ಕಿಂತ ಓದಿದಳು ಅನ್ನಬೇಕು. ಗಂಡ ಶೇಖಸಾಬನಿಗೆ ಬಂದ ಪತ್ರಗಳು ಅವಳ ಚೀಲದಲ್ಲಿದ್ದವು. ಅವನು ಬರೆದವುಗಳನ್ನು ಚಿಕ್ಕೇರೂರಿನ ಗ್ರಂಥಾಲಯದ ಸಮತಾ ತಂದುಕೊಟ್ಟಿದ್ದಳು. ಓದುವ ಮೊದಲು ದಾವಲಬಿ ಇಷ್ಟು ಹೇಳಿದಳು:

"ಇದು ಒಂದು ದನಿ ಕಥಿರಿ. ಈ ಸಮತಾನ ಅವ್ವ ಚೌಡವ್ವ ಅಂತ, ಬಾಳ ಚಲೋ ಹಾಡ್ತಿದ್ಲಂತ. ಮಗಳು ನಾಕು ವರ್ಷದಾಕಿ ಇದ್ದಾಗ ತೀರಿಕೊಂಡ್ಲು. ಫೋಟೋ ಒಂದೈತಿ. ದನಿ ಇದ್ದದ್ದು ನಮ್ಮ ಅಂಗಡ್ಯಾಗ, ಒಂದು ಮದುವಿ ಕ್ಯಾಸೆಟ್ಟಿನ್ಯಾಗ. ಅದು ಸಮತಾಗ ಗೊತ್ತಿತ್ತು. ನಮಗ ಗೊತ್ತಿರಲಿಲ್ಲ."

ಆಮೇಲೆ ಕನ್ನಡಕ ಹಾಕಿಕೊಂಡಳು.

---

ಸವಣೂರು, 12 ನವೆಂಬರ್ 2024

ಸಮತಾ ಮೇಡಂ ಅವರಿಗೆ ಶೇಖಸಾಬ ಮಾಡುವ ಸಲಾಂ.

ನಿಮ್ಮ ವಿಳಾಸ ಕೊಟ್ಟವನು ಶಿಗ್ಗಾವಿಯ ಅಲ್ತಾಫ. "ವೀಡಿಯೋ ವಿಷಯ ಏನಿದ್ರೂ ಚಿಕ್ಕೇರೂರು ಲೈಬ್ರರಿ ಅಕ್ಕಾರನ್ನ ಕೇಳ್ರಿ ಕಾಕಾ, ನನ್ನ ಶಾಣ್ಯಾತನ ಪ್ರಿಂಟರಿಗೆ ಮುಗೀತು" ಎಂದ.

ನಾನು 1991ರಿಂದ 2009ರವರೆಗೆ ಮದುವೆಗಳ ವೀಡಿಯೋ ತೆಗೆದವನು. ಗಂಡಸರ ಕಡೆ ನಾನು, ಹೆಣ್ಣುಮಕ್ಕಳ ಕಡೆ ನನ್ನ ಹೆಂಡತಿ ದಾವಲಬಿ. ಇನ್ನೂರ ಐವತ್ತಮೂರು ಮೂಲ ಕ್ಯಾಸೆಟ್ಟುಗಳು ಅಂಗಡಿಯಲ್ಲಿವೆ. ಬೂಸ್ಟು ಹಿಡಿಯುತ್ತಿವೆ. ಸಾಯುವ ಮೊದಲು ಅವನ್ನು ಕಂಪ್ಯೂಟರಿಗೆ ಏರಿಸಿ ಆಯಾ ಮನೆಗೆ ಮುಟ್ಟಿಸಬೇಕೆಂದಿದ್ದೇನೆ. ಬೇರೆಯವರಿಗೆ ತೋರಿಸುವುದಿಲ್ಲ. ಮದುವೆ ಮಾಡಿದ ಮನೆಯವರ ಹೊರತು ಮೂರನೆಯವರ ಕೈಗೆ ಕ್ಯಾಸೆಟ್ಟು ಕೊಟ್ಟವನಲ್ಲ ನಾನು. ನಮ್ಮ ಕಸುಬಿನ ಮರ್ಯಾದೆ ಅದು.

ಅಲ್ತಾಫ ನನ್ನ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದಾನೆ. ನಾನು ಏನು ಒತ್ತಿದರೂ ಅದು "ನಿನಗೆ ಅನುಮತಿ ಇಲ್ಲ" ಎನ್ನುತ್ತದೆ. ನನ್ನ ಅಂಗಡಿಯಲ್ಲಿ ನನಗೇ ಅನುಮತಿ ಇಲ್ಲವಂತೆ. ಏನು ಮಾಡಬೇಕು?

ದಯವಿಟ್ಟು ಫೋನ್ ಮಾಡಬೇಡಿ. ಅಂಗಡಿಯಲ್ಲಿ ಸಿಗ್ನಲ್ ಬರುವುದಿಲ್ಲ. ಪತ್ರ ಬರೆಯಿರಿ.

ಶೇಖಸಾಬ

---

ಚಿಕ್ಕೇರೂರು, 20 ನವೆಂಬರ್ 2024

ಶೇಖಸಾಬ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸವಣೂರಿನ ವೀಡಿಯೋ ಅಂಗಡಿಯವರು ನಮ್ಮ ಬಳಗಕ್ಕೆ ಬಂದದ್ದು ನನಗೆ ಎಷ್ಟು ಸಂತೋಷ ಎಂದು ಹೇಳಲಾರೆ.

ಲಿನಕ್ಸಿನ ಯಜಮಾನ ಸ್ವಲ್ಪ ಬಿಗಿ ಮನುಷ್ಯ. ನಿಮ್ಮ ಹೆಸರನ್ನು ವೀಡಿಯೋ ಗುಂಪಿಗೆ ಸೇರಿಸಿದರೆ ಅನುಮತಿ ಕೊಡುತ್ತಾನೆ. ಹೇಗೆಂದು ಬೇರೆ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ವಿಸಿಆರ್‌ನಿಂದ ಕಂಪ್ಯೂಟರಿಗೆ ಚುಚ್ಚುವ ಕಡ್ಡಿಯನ್ನೂ ಇಟ್ಟಿದ್ದೇನೆ. ಹಳದಿ ವೈರು ಚಿತ್ರಕ್ಕೆ, ಬಿಳಿಯದು ಮತ್ತು ಕೆಂಪು ಧ್ವನಿಗೆ. ಹಣ ಬೇಡ, ಬಳಗದ ಕಡ್ಡಿ ಅದು.

ಕ್ಯಾಸೆಟ್ಟಿನಿಂದ ಬಂದ ಫೈಲು ಬಹಳ ದೊಡ್ಡದಿರುತ್ತದೆ. ಅದನ್ನು ಹದವಾಗಿ ಒತ್ತಿ ಸಣ್ಣದು ಮಾಡುವುದಕ್ಕೆ ಎನ್‌ಕೋಡ್ ಮಾಡುವುದು ಎನ್ನುತ್ತಾರೆ. ಹಾಸಿಗೆಯ ಅರಳೆಯನ್ನು ಒತ್ತಿ ತುಂಬಿದ ಹಾಗೆ. ಹೆಚ್ಚು ಒತ್ತಿದರೆ ಮುಖಗಳು ಚೌಕ ಚೌಕ ಆಗುತ್ತವೆ.

ಎಲ್ಲ ಕ್ಯಾಸೆಟ್ಟುಗಳೂ ಇವೆಯೇ? ಯಾವ ವರ್ಷದ್ದೂ ಹಾಳಾಗಿಲ್ಲ ತಾನೇ?

ಸಮತಾ

---

ಸವಣೂರು, 9 ಜನವರಿ 2025

ತಂಗಿ ಸಮತಾ,

ಮೇಡಂ ಅನ್ನುವುದು ಕೈಗೆ ಭಾರವಾಗುತ್ತದೆ, ತಂಗಿ ಎಂದಿದ್ದೇನೆ.

ಮೊದಲ ಕ್ಯಾಸೆಟ್ಟು ಏರಿತು. 1991, ಬಂಕಾಪುರದ ಮದುವೆ. ವಿಎಲ್‌ಸಿ ಪ್ಲೇಯರಿನಲ್ಲಿ ಹಾಕಿ ದಾವಲಬಿಯನ್ನು ಕರೆದೆ. ಅವಳು ನೋಡುತ್ತ ನೋಡುತ್ತ, "ಈಕಿ ಸತ್ತಾಳ, ಈತ ಸತ್ತಾನ, ಈ ಕೂಸು ಈಗ ಪೊಲೀಸ" ಎಂದು ಹಾಜರಿ ಹಾಕಿದಳು.

ಆದರೆ ಯಾರಾದರೂ ಓಡಾಡಿದರೆ ಅವರ ಅಂಚಿಗೆ ಬಾಚಣಿಗೆ ಹಲ್ಲಿನಂಥ ಗೀಟುಗಳು ಬರುತ್ತವೆ. ಐದು ನಿಮಿಷದ ತುಣುಕನ್ನು ಪೆನ್‌ಡ್ರೈವಿಗೆ ಹಾಕಿ ಬಸ್ಸಿಗೆ ಕೊಟ್ಟಿದ್ದೇನೆ. ಜೊತೆಗೆ ಖಾರದ ಪೊಟ್ಟಣ ಇದೆ. ಕಂಡಕ್ಟರ್ ತಿನ್ನದಿದ್ದರೆ ನಿನಗೆ ಸಿಗುತ್ತದೆ.

ಹಿಂದೆ ಶೂಟಿಂಗಿನಲ್ಲಿ ನಮ್ಮದೊಂದು ಪದ್ಧತಿ ಇತ್ತು. ನಾನು ಕ್ಯಾಮೆರಾ ಹಚ್ಚಿದ ಕೂಡಲೇ ದಾವಲಬಿ ಹೆಡ್‌ಫೋನು ಹಾಕಿಕೊಂಡು ಕೇಳಿ ಹೆಬ್ಬೆರಳು ಎತ್ತುತ್ತಿದ್ದಳು. ದನಿ ಬರುತ್ತಿದೆ ಎಂದರ್ಥ. ಹೆಬ್ಬೆರಳು ಕಾಣದೆ ನಾನು ಒಂದು ಇಂಚು ರೀಲು ಓಡಿಸಿದವನಲ್ಲ.

ಶೇಖಸಾಬ

---

ಚಿಕ್ಕೇರೂರು, 18 ಜನವರಿ 2025

ಕಾಕಾ,

ಖಾರ ಬಂತು. ಅಪ್ಪ ಅರ್ಧ ತಿಂದು ಮುಗಿಸಿದ.

ನಿಮ್ಮ ತುಣುಕು ನೋಡಿದೆ. ಧ್ವನಿ ಸ್ವಚ್ಛವಾಗಿದೆ, ಬಳೆಯ ಸದ್ದೂ ಕೇಳುತ್ತದೆ. ಬಾಚಣಿಗೆ ಗೀಟು ನಿಮ್ಮ ತಪ್ಪಲ್ಲ. ಹಳೆಯ ಟಿವಿ ಒಂದು ಚಿತ್ರವನ್ನು ಎರಡು ಅರ್ಧ ಮಾಡಿ ತೋರಿಸುತ್ತಿತ್ತು, ಕಂಪ್ಯೂಟರು ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ಅರ್ಧಗಳನ್ನು ಕೂಡಿಸುವ ಒಂದು ಪದ ಇದೆ, ಅದನ್ನು ನಿಮ್ಮ ಆಜ್ಞೆಯ ಸಾಲಿಗೆ ಸೇರಿಸಿ ಕಳಿಸಿದ್ದೇನೆ. ಹಾಗೇ ಬಡಿಯಿರಿ, ಒಂದು ಚುಕ್ಕಿ ಬಿಡಬೇಡಿ.

ಈಗ ಯಾವ ವರ್ಷಕ್ಕೆ ಬಂದಿದ್ದೀರಿ? 2003ರ ಹತ್ತಿಮತ್ತೂರಿನ ಮದುವೆಗಳೂ ಇವೆಯೇ? ಸುಮ್ಮನೆ ಕೇಳಿದೆ.

ಸಮತಾ

---

ಸವಣೂರು, 3 ಮಾರ್ಚ್ 2025

ತಂಗಿ,

ಮೂವತ್ತೆರಡು ಕ್ಯಾಸೆಟ್ಟು ಆದವು. 1994 ನಡೆದಿದೆ. ಒಂದು ಕ್ಯಾಸೆಟ್ಟು ಎನ್‌ಕೋಡ್ ಆಗಲು ಈ ಮುದಿ ಕಂಪ್ಯೂಟರಿಗೆ ಒಂದೂವರೆ ದಿನ ಬೇಕು. 2003ಕ್ಕೆ ಮುಟ್ಟುವುದು ಈ ವರ್ಷದ ಕೊನೆಗೆ. ನೀನು ಎರಡನೆಯ ಸಲ ವರ್ಷ ಕೇಳಿದ್ದೀ. ನನ್ನ ಪ್ರಶ್ನೆಗಳಿಂದ ಬೇಸತ್ತು ಇದು ಎಂದು ಮುಗಿಯುತ್ತದೋ ಎಂದು ಎಣಿಸುತ್ತಿದ್ದೀಯೇನೋ. ಬೇಸರವಿದ್ದರೆ ಹೇಳು, ನಾನು ತಪ್ಪು ತಿಳಿಯುವುದಿಲ್ಲ.

ಹತ್ತಿಮತ್ತೂರಿನದು ಇದೆ. ನೂರ ಅರವತ್ತೆಂಟನೆಯ ಕ್ಯಾಸೆಟ್ಟು. ನನಗೆ ನೆನಪಿರುವುದು ಯಾಕೆಂದರೆ ಅದರಿಂದ ಜಗಳ ಆಗಿತ್ತು. ಚಪ್ಪರದ ಹೊರಗೆ, ಪಾತ್ರೆ ತೊಳೆಯುವ ಕಡೆ ಕುಳಿತು ಹಾಡುತ್ತಿದ್ದ ಕೆಲವು ಹೆಣ್ಣುಮಕ್ಕಳನ್ನು ದಾವಲಬಿ ನಾಲ್ಕು ನಿಮಿಷ ತೆಗೆದಿದ್ದಳು. ಮದುವೆಯವರು, "ಅವ್ರನ್ನ ಯಾಕ ತಗದಿ? ಅವ್ರೇನ್ ಬೀಗರೇನು?" ಎಂದರು. ಅವರಿಗೆ ಕೊಟ್ಟ ಪ್ರತಿಯಲ್ಲಿ ಅಷ್ಟನ್ನು ಕತ್ತರಿಸಿ ಕೊಟ್ಟೆ. ಮೂಲದಲ್ಲಿ ಇದ್ದೇ ಇದೆ.

ನಮ್ಮ ಮಗಳು ಮದಿಹಾ ಹೆತ್ತಿದ್ದಾಳೆ, ಬಾಣಂತನಕ್ಕೆ ದಾವಲಬಿ ಹಾನಗಲ್ಲಿಗೆ ಹೋಗಿದ್ದಾಳೆ. ಮೂರು ತಿಂಗಳು ನಾನು ಒಬ್ಬನೇ.

ಶೇಖಸಾಬ

---

ಚಿಕ್ಕೇರೂರು, 14 ಮಾರ್ಚ್ 2025

ಕಾಕಾ,

ಬೇಸರವಿಲ್ಲ. ಅಂಥ ಮಾತು ಇನ್ನೊಮ್ಮೆ ಬರೆಯಬೇಡಿ.

ಬಳಗಕ್ಕೆ ಯಾರೋ ಕೊಟ್ಟ ಲ್ಯಾಪ್‌ಟಾಪ್ ಒಂದಿತ್ತು. ಅದಕ್ಕೆ ಎಲ್ಲವನ್ನೂ ಹಾಕಿ ಅಲ್ತಾಫನ ಕೈಲಿ ಕಳಿಸಿದ್ದೇನೆ. ನಿಮ್ಮದು ಒಂದೂವರೆ ದಿನ ತೆಗೆದುಕೊಂಡದ್ದನ್ನು ಇದು ಎರಡು ತಾಸಿನಲ್ಲಿ ಮುಗಿಸುತ್ತದೆ. ಕರಿ ಪರದೆಯಲ್ಲಿ ಆಜ್ಞೆ ಬಡಿಯುವ ಕಷ್ಟವೂ ಇಲ್ಲ, ಕೆಂಪು ಗುಂಡಿ ಒತ್ತಿದರೆ ಸಾಕು. ಕೆಳಗೆ ಹಸಿರು ಗೀಟು ಒಂದು ಕಾಣುತ್ತದೆ. ಅದು ಕುಣಿದರೆ ಧ್ವನಿ ಬರುತ್ತಿದೆ ಎಂದರ್ಥ. ದಾವಲಬಿ ಚಾಚಿಯ ಹೆಬ್ಬೆರಳು ಅಂದುಕೊಳ್ಳಿ.

ಬೂಸ್ಟು ಹೆಚ್ಚು ಹಿಡಿದವನ್ನು ಮೊದಲು ಏರಿಸುವುದು ಒಳ್ಳೆಯದು. ಸರದಿಯನ್ನೇ ಹಿಡಿಯಬೇಕೆಂದಿಲ್ಲ.

ಸಮತಾ

---

ಸವಣೂರು, 2 ಏಪ್ರಿಲ್ 2025

ತಂಗಿ ಸಮತಾ,

ಕುದುರೆ ಕಳಿಸಿದ್ದೀಯಲ್ಲ. ಇಷ್ಟು ದಿನ ಕತ್ತೆಯ ಮೇಲೆ ಕುಳಿತು ಊರು ಎಂದು ಬರುತ್ತದೋ ಎನ್ನುತ್ತಿದ್ದೆ.

ಲ್ಯಾಪ್‌ಟಾಪಿನಲ್ಲಿ ಮೊಟ್ಟ ಮೊದಲು ಏರಿಸಿದ್ದು ಯಾವುದು ಹೇಳು? ನೂರ ಅರವತ್ತೆಂಟು. ನೀನು ಹತ್ತಿಮತ್ತೂರು ಎಂದು ಕೇಳಿದ್ದೀ, ಯಾರೋ ನಿನ್ನ ಪರಿಚಯದವರ ಮದುವೆ ಇರಬೇಕೆಂದುಕೊಂಡೆ. ನನ್ನ ಪದ್ಧತಿ ಮುರಿದು ಪೂರ್ತಿ ಫೈಲನ್ನು ನಿನಗೊಬ್ಬಳಿಗೆ ಕಳಿಸುತ್ತಿದ್ದೇನೆ. ನನ್ನ ಕೈಲಾದ ಕೃತಜ್ಞತೆ ಇದು.

ರೀಲು ಸೋತು ಹೋಗಿತ್ತು. ಓಡುತ್ತ ಓಡುತ್ತ ಕಂದು ಪುಡಿ ಉದುರಿತು, ಇನ್ನೊಮ್ಮೆ ಓಡಲಾರದು. ಚಿಂತೆ ಇಲ್ಲ, ಒಳಗಿದ್ದದ್ದು ಹೊರಗೆ ಬಂತು. ಹಸಿರು ಗೀಟು ನೀನು ಬರೆದ ಹಾಗೇ ಕುಣಿಯಿತು.

ದಾವಲಬಿ ತೆಗೆದ ಆ ನಾಲ್ಕು ನಿಮಿಷ ಬಂದಾಗ ನಾನು ಕುರ್ಚಿ ಮುಂದೆಳೆದು ಕುಳಿತೆ. ಹಸಿರು ಸೀರೆಯವಳೊಬ್ಬಳು, ತೊಡೆಯ ಮೇಲೆ ಕೂಸು, ಹಾಡುತ್ತಿದ್ದಾಳೆ. ಏನು ದನಿ ತಂಗಿ ಅದು. ಮೈ ಜುಮ್ಮೆಂದಿತು. ನೀನೇ ಕೇಳು.

ಪೆನ್‌ಡ್ರೈವ್ ಹಾನಗಲ್ಲಿಗೆ ಮಗಳ ಮನೆಗೆ ಹೋಗಿ ಅಲ್ಲಿಂದ ಚಿಕ್ಕೇರೂರಿನ ಬಸ್ಸಿಗೆ ಬರುತ್ತದೆ. ತಡವಾದೀತು.

ಶೇಖಸಾಬ

---

ಚಿಕ್ಕೇರೂರು, 8 ಏಪ್ರಿಲ್ 2025

ಕಾಕಾ,

ಪತ್ರ ಬಂತು, ಪೆನ್‌ಡ್ರೈವ್ ಇನ್ನೂ ಬಂದಿಲ್ಲ. ಬರುವವರೆಗೆ ಕಾಯಲಾಗದೆ ಬರೆಯುತ್ತಿದ್ದೇನೆ.

ಹಸಿರು ಸೀರೆಯವಳು ನನ್ನ ಅವ್ವ. ತೊಡೆಯ ಮೇಲಿನ ಕೂಸು ನಾನು.

ಆ ವರ್ಷವೇ ಜ್ವರ ಬಂದು ಅವ್ವ ಹೋದಳು. ಆಕೆಯ ಮುಖ ಫೋಟೋದಲ್ಲಿ ಇದೆ, ದನಿ ಮಾತ್ರ ನನಗೆ ಎಷ್ಟು ನೆನೆದರೂ ಬರುವುದಿಲ್ಲ. ಜೊತೆಗೆ ಹಾಡಿದ ಮಂಜವ್ವ, "ಬುರ್ಖಾ ಹಾಕ್ಕೊಂಡಾಕಿ ಒಬ್ಬಾಕಿ ನಮ್ಮ ಕಡೆ ಕ್ಯಾಮೆರಾ ತಿರುವಿದ್ಲು" ಎಂದು ಹೇಳುತ್ತಿದ್ದಳು. ಹದಿನೈದು ವರ್ಷದ ಹಿಂದೆ ನನ್ನ ಅಪ್ಪ ಗುತ್ತೆಪ್ಪ ನಿಮ್ಮ ಅಂಗಡಿಗೆ ಬಂದು ಕೇಳಿದ್ದ. ಮದುವೆಯವರ ಹೊರತು ತೋರಿಸುವುದಿಲ್ಲ ಎಂದು ನೀವು ಕಳಿಸಿದ್ದಿರಿ. ಅದಕ್ಕೇ ಹೇಳಲು ಹೆದರಿದೆ. ಸರದಿ ಬರಲಿ, ತಾನಾಗಿ ನನ್ನ ಕೈಗೆ ಬರಲಿ ಎಂದು ಕಾದೆ.

ನೀವು ಈಗಾಗಲೇ ಕೇಳಿದ್ದೀರಿ. ನನಗಿಂತ ಮೊದಲು. ಅವಳ ದನಿ ಸಣ್ಣದೋ, ದಪ್ಪವೋ? ಬೇಡ, ಬರೆಯಬೇಡಿ. ನಾನೇ ಕೇಳುತ್ತೇನೆ.

ನಿಮ್ಮ ಮಗಳು ಸಮತಾ

---

ಚಿಕ್ಕೇರೂರು, 13 ಏಪ್ರಿಲ್ 2025

ಶೇಖಸಾಬ ಅವರಿಗೆ,

ನಿನ್ನೆ ಪೆನ್‌ಡ್ರೈವ್ ಬಂತು. ಅಪ್ಪನನ್ನೂ ಮಂಜವ್ವನನ್ನೂ ಕೂಡಿಸಿಕೊಂಡು ಹಾಕಿದೆ.

ಅವ್ವ ಬಾಯಿ ತೆರೆದಳು. ಕೇಳಿದ್ದು ಫ್ಯಾನಿನ ಕಿರುಗುಟ್ಟುವ ಸದ್ದು. ಆಟೋದ ಹಾರ್ನು. ಯಾರೋ ಬಾಗಿಲಲ್ಲಿ ನಿಂತು, "ಶೇಖಸಾಬರ, ಛಾ ತರ್ಲೇನ್ರಿ?" ಎಂದು ಕೇಳಿದರು. ಮತ್ತೆ ಕೇಳಿದರು. ಮೂರನೆಯ ಸಲ ಜೋರಾಗಿ ಕೂಗಿದರು. ಉತ್ತರವಿಲ್ಲ. ಆಗ ಇನ್ನೊಬ್ಬರ ದನಿ: "ಬಿಡೋ ಮಾರಾಯ, ಆ ಮುದುಕಗ ಕಿವಿ ಎಲ್ಲಿ ಕೇಳ್ತಾವ."

ಅವ್ವ ಹಾಡುತ್ತಲೇ ಇದ್ದಳು. ನೀವು ಹತ್ತಿರ ಕುಳಿತು ಗುನುಗುತ್ತಿದ್ದಿರಿ, ಯಾವ ಧಾಟಿಯೂ ಇಲ್ಲದ ಗುನುಗು. ಕೊನೆಗೆ, "ಹಾಡವ್ವಾ, ಇನ್ನೊಂದು ನುಡಿ ಹಾಡು" ಎಂದಿರಿ. ಅದು ಬಹಳ ಸ್ವಚ್ಛವಾಗಿ ಕೇಳಿಸಿತು.

ಲ್ಯಾಪ್‌ಟಾಪಿನ ಕ್ಯಾಮೆರಾದ ಪಕ್ಕ ಸಣ್ಣ ತೂತು ಇದೆ. ಅದು ಮೈಕು. ಕ್ಯಾಸೆಟ್ಟಿನ ದನಿಯ ಬದಲು ಅಂಗಡಿಯ ದನಿ ಒಳಗೆ ಹೋಗಿದೆ.

ಏನು ದನಿ ಎಂದು ಬರೆದಿದ್ದಿರಿ. ಮೈ ಜುಮ್ಮೆಂದಿತು ಎಂದು ಬರೆದಿದ್ದಿರಿ. ಏನನ್ನು ಕೇಳಿದಿರಿ?

ಸಮತಾ

---

ಸವಣೂರು, 6 ಮೇ 2025

ಸಮತಾ ಅವರಿಗೆ,

ಏನನ್ನೂ ಕೇಳಲಿಲ್ಲ.

ಐದು ವರ್ಷದಿಂದ ಕಿವಿ ಹೋಗುತ್ತ ಬಂದು ಈಗ ಪೂರ್ತಿ ಹೋಗಿವೆ. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತೇನೆ. ಅಂಗಡಿಯಲ್ಲಿ ಸಿಗ್ನಲ್ ಚೆನ್ನಾಗಿಯೇ ಇದೆ. ಕಿವುಡನ ಕೈಗೆ ಮದುವೆಯ ಕ್ಯಾಸೆಟ್ಟು ಯಾರು ಬಿಟ್ಟಾರು, ಕಿವುಡನಿಗೆ ಬಳಗದವರು ಯಾಕೆ ಕಲಿಸಿಯಾರು ಎಂದು ಮುಚ್ಚಿಟ್ಟೆ. ದಾವಲಬಿಯ ಬಾಯಿಯನ್ನೂ ಕಟ್ಟಿದ್ದೆ. ಮೊದಲಿನ ಕ್ಯಾಸೆಟ್ಟುಗಳನ್ನು ಅವಳು ಕೇಳಿ ಹೆಬ್ಬೆರಳು ಎತ್ತುತ್ತಿದ್ದಳು. ಅವಳು ಹಾನಗಲ್ಲಿಗೆ ಹೋದ ಮೇಲೆ ಹಸಿರು ಗೀಟನ್ನು ನಂಬಿದೆ.

ದನಿ ಚಲೋ ಇದೆ ಎಂದು ಸುಳ್ಳು ಬರೆದೆ. ಆದರೆ ಪೂರ್ತಿ ಸುಳ್ಳಲ್ಲ. ಅವಳು ಹಾಡುವಾಗ ಸುತ್ತ ಕುಳಿತವರಲ್ಲಿ ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾತ್ರೆ ತೊಳೆಯುವವಳ ಕೈ ನಿಂತಿತು. ತೊಡೆಯ ಮೇಲಿನ ಕೂಸು ಅವಳ ಗಂಟಲಿಗೆ ಬೆರಳಿಟ್ಟು ನೋಡುತ್ತಿತ್ತು. ಅದನ್ನು ನೋಡಿ ಬರೆದೆ.

ನಿಮ್ಮಪ್ಪ ಬಂದದ್ದು ನನಗೆ ನೆನಪೇ ಇಲ್ಲ. ಎಷ್ಟು ಜನರನ್ನು ಹಾಗೆ ಕಳಿಸಿದ್ದೇನೋ.

ಶೇಖಸಾಬ

---

ಸವಣೂರು, 30 ಜೂನ್ 2025

ಸಮತಾ ಅವರಿಗೆ,

ಉತ್ತರ ಬರಲಿಲ್ಲ, ಬರಬೇಕೆಂದೂ ಇಲ್ಲ.

ದಾವಲಬಿ ಬಂದ ಮೇಲೆ ರೀಲನ್ನು ಮೆಲ್ಲಗೆ ಒರೆಸಿ ಇನ್ನೊಮ್ಮೆ ಹಾಕಿದೆವು. ಅವಳು ಹೆಡ್‌ಫೋನು ಹಾಕಿಕೊಂಡು ಕುಳಿತಳು. ನಾನು ಅವಳ ಕೈ ನೋಡುತ್ತ ಕುಳಿತೆ. ಪರದೆಯ ತುಂಬ ಬಿಳಿ ಚುಕ್ಕಿ. ಹಾಡು ಬರಬೇಕಾದ ಜಾಗದಲ್ಲಿ ರೀಲು ಹರಿಯಿತು. ಹೆಬ್ಬೆರಳು ಏಳಲಿಲ್ಲ. ಅವಳು ಹೆಡ್‌ಫೋನು ತೆಗೆಯದೆ ಬಹಳ ಹೊತ್ತು ಕುಳಿತಿದ್ದಳು.

ಶೇಖಸಾಬ

---

ಚಿಕ್ಕೇರೂರು, 5 ಅಕ್ಟೋಬರ್ 2025

ಕಾಕಾ,

ಆರು ತಿಂಗಳು ಬರೆಯಲಿಲ್ಲ. ನಿಮ್ಮ ಮೇಲಿನ ಸಿಟ್ಟು ಬೇಗ ಹೋಯಿತು. ನನ್ನ ಮೇಲಿನದು ಹೋಗಲಿಲ್ಲ.

ನಿಮ್ಮ ಹಳೆಯ ಕಂಪ್ಯೂಟರಿಗೆ ಮೈಕು ಇರಲಿಲ್ಲ, ಅದು ತಪ್ಪು ಮಾಡಲು ಸಾಧ್ಯವೇ ಇರಲಿಲ್ಲ. ನಾನು ಕಾಯಲಾರದೆ ಮೈಕು ಇದ್ದ ಯಂತ್ರ ಕಳಿಸಿದೆ. ಯಾವ ಕಡೆಯ ದನಿ ಎಂದು ಆರಿಸಬೇಕು, ಆ ಒಂದು ಸಾಲನ್ನು ಹಾಳೆಯಲ್ಲಿ ಬರೆಯಲಿಲ್ಲ. ಬಳಗದಲ್ಲಿ ಹೊಸಬರಿಗೆ ನಾನು ಮೊದಲು ಹೇಳುವ ಸಾಲು ಅದು. ಹಸಿರು ಗೀಟು ಕುಣಿದರೆ ಸಾಕು ಎಂದವಳು ನಾನು. ಮೊದಲೇ ಅವ್ವನ ವಿಷಯ ಹೇಳಿದ್ದರೆ ನೀವು ಚಾಚಿಯನ್ನು ಕರೆಸುತ್ತಿದ್ದಿರಿ.

ಕಳೆದ ವಾರ ಮಂಜವ್ವನ ಎದುರು ಧ್ವನಿ ಪೂರ್ತಿ ಇಳಿಸಿ ಆ ನಾಲ್ಕು ನಿಮಿಷ ಹಾಕಿದೆ. ಅವಳು ಅವ್ವನ ತುಟಿ ನೋಡಿ, "ತಡಿ, ಇದು ಕುಬಸದ ಹಾಡು, ಬಸರಿಗೆ ಹಾಡೂದು. ನೋಡು, ಇಲ್ಲೆ ಉಸುರು ತಗೋತಾಳ" ಎಂದು ತಾನೂ ಹಾಡಲು ಹತ್ತಿದಳು. ತುಟಿಗೆ ತುಟಿ ಕೂಡಿತು. ಅಪ್ಪ ಬಾಗಿಲಲ್ಲಿ ನಿಂತಿದ್ದ. "ಹಾಡು ಅದ ಐತಿ. ದನಿ ಆಕೀದಲ್ಲ" ಎಂದು ಹೊರಗೆ ಹೋದ.

ನಿಮ್ಮ ಫೈಲನ್ನು ಅಳಿಸಿಲ್ಲ. ಅವ್ವನಿಗೆ ಇನ್ನೊಂದು ನುಡಿ ಹಾಡು ಎಂದವರ ದನಿ ಅದರಲ್ಲಿದೆ.

ಸಮತಾ

---

ಸವಣೂರು, 11 ನವೆಂಬರ್ 2025

ಮಗಳೇ,

ಅಂಗಡಿ ಮುಚ್ಚಿದ್ದೇನೆ. ಇನ್ನೂರ ಹನ್ನೆರಡು ಕ್ಯಾಸೆಟ್ಟು ಉಳಿದಿವೆ. ಮೊದಲು ಅವು ಮದುವೆಗಳಾಗಿ ಕಾಣುತ್ತಿದ್ದವು. ಈಗ ಒಂದೊಂದರಲ್ಲೂ ಯಾರದೋ ಅವ್ವ ಕುಳಿತ ಹಾಗೆ ಕಾಣುತ್ತದೆ. ಮುಟ್ಟಲು ಕೈ ಬರುವುದಿಲ್ಲ. ದಾವಲಬಿಗೂ ಹೆಡ್‌ಫೋನು ಹಾಕಿಕೊಳ್ಳಲು ಮನಸ್ಸಿಲ್ಲ.

ಡಿಸೆಂಬರಿನ ಸಭೆಗೆ ಲ್ಯಾಪ್‌ಟಾಪನ್ನೂ ಕಡ್ಡಿಯನ್ನೂ ತರುತ್ತೇನೆ. ಬಳಗದ್ದು ಬಳಗಕ್ಕೆ ಸೇರಲಿ.

ಶೇಖಸಾಬ

---

ದಾವಲಬಿ ಓದಿ ಮುಗಿಸಿ ಕನ್ನಡಕ ತೆಗೆದಳು. ಶೇಖಸಾಬ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರ ಮುಖ ನೋಡುತ್ತಿದ್ದ. ಹೆಂಡತಿ ಎಷ್ಟನೆಯ ಪತ್ರದಲ್ಲಿದ್ದಾಳೆಂದು ಆ ಮುಖಗಳಿಂದಲೇ ತಿಳಿಯುತ್ತ ಬಂದಿದ್ದನೋ ಏನೋ. ಲ್ಯಾಪ್‌ಟಾಪನ್ನು ಇಳಿಸಿಕೊಳ್ಳಲು ಯಾರೂ ಕೈ ಚಾಚಲಿಲ್ಲ. ಸಂಜೆ ಅವನು ಅದನ್ನು ಹೊತ್ತುಕೊಂಡೇ ಊರಿಗೆ ಹೋದ.

ಮರುದಿನ ಬೆಳಿಗ್ಗೆ ಅಲ್ತಾಫ ಬಳಗದ ಹಾಳೆಯನ್ನು ಹೊಸದಾಗಿ ಅಚ್ಚು ಹಾಕಿದ. ಮೊದಲ ಸಾಲು: ಒಬ್ಬರು ನೋಡಬೇಕು, ಇನ್ನೊಬ್ಬರು ಕೇಳಬೇಕು. ಅದರ ಕೆಳಗೆ ಸವಣೂರಿಗೆ ಹೋಗುವ ಪಾಳಿ ಬರೆದು ಒಂಬತ್ತು ಹೆಸರು ಹಾಕಿದ. ಮೊದಲ ಹೆಸರು ಬರೆಯುವ ಹೊತ್ತಿಗೆ ಆ ಹೆಸರಿನವಳು ಆಗಲೇ ಸವಣೂರು ಮುಟ್ಟಿದ್ದಳು.

ಸಮತಾ ಅಂಗಡಿಯ ಬಾಗಿಲು ತೆಗೆಸಿದಳು. ಸ್ಟೂಲು ಎಳೆದು ಶೇಖಸಾಬನ ಪಕ್ಕ ಕುಳಿತು, ದಾವಲಬಿಯ ಹೆಡ್‌ಫೋನನ್ನು ತಾನು ಹಾಕಿಕೊಂಡಳು. ಅವನು ನಲವತ್ತೊಂದನೆಯ ಕ್ಯಾಸೆಟ್ಟನ್ನು ಮೂರು ಸಲ ಒರೆಸಿ ಒಳಗೆ ತಳ್ಳಿದ. ಹಸಿರು ಗೀಟು ಕುಣಿಯಿತು. ಅವನು ಅದನ್ನು ನೋಡಲಿಲ್ಲ, ಅವಳ ಕೈಯನ್ನು ನೋಡುತ್ತಿದ್ದ.

1994. ಯಾರದೋ ಮದುವೆ. ಯಾರೋ ಒಬ್ಬ ತಾಯಿ ಪಂಕ್ತಿಯ ತುದಿಯಲ್ಲಿ ನಿಂತು ತನ್ನ ಕೂಸನ್ನು ಊಟಕ್ಕೆ ಕರೆಯುತ್ತಿದ್ದಳು. ಒಂದು ಸಲ ಕರೆದಳು, ಎರಡು ಸಲ ಕರೆದಳು. ಸಮತಾ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದಳು. ಆಮೇಲೆ ಹೆಬ್ಬೆರಳು ಎತ್ತಿದಳು.